ಅಜ್ಜನ ಗಡಿಯಾರಕ್ಕೊಂದು ಕ್ಲೋಸಪ್ಪು

ಈ ವಾರ ಗಾಂಧಿನಗರದ ಗಾಳಿಮಾತು ಬೇಡ. ಯಾರು ಯಾರ ಜೊತೆ ಮಾತು ಬಿಟ್ಟರು, ಯಾರ ಮುಹೂರ್ತಕ್ಕೆ ಯಾರು ಬರಲಿಲ್ಲ ಎಂಬುದನ್ನೆಲ್ಲ ಗಂಟು ಕಟ್ಟಿ ಮುಂದಿನ ವಾರಕ್ಕೆ ಇಟ್ಟಿದ್ದೇನೆ. ಈಗ ನಿಮ್ಮನ್ನು ಒಂದು ಜೇಬಿನೊಳಕ್ಕೆ ಕರೆದುಕೊಂಡು ಹೋಗುತ್ತೇನೆ, ಬನ್ನಿ. ಗಾಬರಿಯಾಗಬೇಡಿ, ನಿರ್ಮಾಪಕರ ಜೇಬಲ್ಲ. ಅದು ಯಾವಾಗಲೂ ಖಾಲಿ ಅಂತ ಅವರೇ ಹೇಳ್ತಾರೆ. ಇದು ನಮ್ಮ ಅಜ್ಜನ ಕೋಟಿನ ಜೇಬು.

ಆದದ್ದು ಇಷ್ಟು. ಬ್ರಿಟಿಷರ ಕಾಲದ ಕಥೆಯ ಚಿತ್ರವೊಂದು ಸೆಟ್ಟೇರಿದೆ. (ಹೆಸರು ಕೇಳಬೇಡಿ. ಪೂರ್ತಿ ಓದಿದರೆ ಯಾಕೆ ಅಂತ ಗೊತ್ತಾಗುತ್ತೆ!) ಅದರ ಪ್ರಾಪರ್ಟಿ ಹುಡುಗ ಒಂದು ಸಂಜೆ ಫೋನ್ ಮಾಡಿದ.

"ಸಾರ್, ಒಂದು ಪಾಕೆಟ್ ವಾಚ್ ಬೇಕಿತ್ತು. ಸರಪಳಿ ಇರಬೇಕು, ಮುಚ್ಚಳ ಇರಬೇಕು, ನೋಡಿದ ತಕ್ಷಣ ಹಳೇದು ಅನ್ನಿಸಬೇಕು. ಅಮಲ್ದಾರ್ರು ಠಕ್ ಅಂತ ಮುಚ್ಚಳ ತೆಗೀತಾರೆ, ಟೈಮ್ ನೋಡ್ತಾರೆ, ಮುಚ್ತಾರೆ. ಮೂರು ಸೆಕೆಂಡ್ ಶಾಟು. ನಿಮ್ಮ ಊರ ಕಡೆ ಎಲ್ಲಾದ್ರೂ ಸಿಗುತ್ತಾ?"

ಸಿಗುತ್ತಾ ಅಂದ್ರೇನು! ನಮ್ಮೂರು ಹಿರೇಹಡಗಲಿ. ನಮ್ಮ ಮನೆಯಲ್ಲೇ ಇದೆ. ನಮ್ಮಜ್ಜ ಹತ್ತಿ ವ್ಯಾಪಾರ ಮಾಡುತ್ತಿದ್ದವರು. ಬಂಡಿಯ ಮೇಲೆ ಕೊಟ್ಟೂರಿಗೆ ಹತ್ತಿ ಹೊಡೆದು, ಅಲ್ಲಿ ರೈಲಿಗೆ ಹಾಕಿ, ವರ್ಷಕ್ಕೊಮ್ಮೆ ಲೆಕ್ಕ ಚುಕ್ತಾ ಮಾಡಲು ಬೊಂಬಾಯಿಗೆ ಹೋಗುತ್ತಿದ್ದರು. ಸ್ವಿಟ್ಜರ್ಲೆಂಡಿನ ಫಾವ್ರ್-ಲ್ಯೂಬಾ ಕಂಪನಿ 1865ರಿಂದಲೇ ಬೊಂಬಾಯಿಯಲ್ಲಿ ವಾಚಿನ ವ್ಯಾಪಾರಕ್ಕೆ ಇಳಿದಿತ್ತು. ಆಮೇಲೆ ವೆಸ್ಟ್ ಎಂಡ್ ಬಂತು. ಅಜ್ಜ ಯಾವ ಅಂಗಡಿಯಲ್ಲಿ ಕೊಂಡರೋ, ಅಂತೂ ಒಂದು ಸುಗ್ಗಿ ಮುಗಿದ ಮೇಲೆ ಬೆಳ್ಳಿಯ ಕಿಸೆ ಗಡಿಯಾರವೊಂದು ಹಿರೇಹಡಗಲಿಗೆ ಬಂತು.

ಅದರ ರೂಪು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಮುಂದೆ ಮುಚ್ಚಳ, ಹಿಂದೆ ಮುಚ್ಚಳ. ಕಿರೀಟದ ಗುಂಡಿ ಒತ್ತಿದರೆ ಮುಂದಿನದು ಠಕ್ ಅಂತ ತೆರೆಯುತ್ತಿತ್ತು. ಕುದುರೆ ಹತ್ತಿ ಬೇಟೆಗೆ ಹೋಗುವವರ ಗಾಜು ಒಡೆಯಬಾರದು ಅಂತ ಇಂಥ ಮುಚ್ಚಳ ಬಂತಂತೆ, ಅದಕ್ಕೇ ಇದನ್ನು 'ಹಂಟರ್' ಅಂತಾರೆ. ಹಿಂದಿನ ಮುಚ್ಚಳದ ತುಂಬ ಬಳ್ಳಿ. ಬಳ್ಳಿಗೆ ಎಲೆ, ಎಲೆಯ ಸಂದಿಯಲ್ಲಿ ಮೊಗ್ಗು, ಎಲ್ಲ ಸುತ್ತಿಕೊಂಡು ಬಂದು ನಡುವೆ ಒಂದು ಗುರಾಣಿಯಾಕಾರದ ಬಯಲು. ಆ ಬಯಲನ್ನು ವಾಚು ಮಾಡುವವರು ಬೇಕೆಂದೇ ಖಾಲಿ ಬಿಡುತ್ತಿದ್ದರು. ಕೊಂಡವರು ತಮ್ಮ ಹೆಸರಿನ ಅಕ್ಷರ ಕೆತ್ತಿಸಿಕೊಳ್ಳಲಿ ಅಂತ. ನಮ್ಮಜ್ಜ ಹೆಸರು ಕೆತ್ತಿಸಲಿಲ್ಲ. ಊರ ಪತ್ತಾರರ ಹತ್ತಿರ ಕೂತು ಕನ್ನಡದಲ್ಲಿ ಒಂದೇ ಅಕ್ಷರ ಕೆತ್ತಿಸಿದರು: 'ಶ್ರೀ'. ಸ್ವಿಸ್ ಬಳ್ಳಿಯ ನಡುವೆ ಹಿರೇಹಡಗಲಿಯ ಶ್ರೀ! ಸ್ವಲ್ಪ ಸೊಟ್ಟಗಿತ್ತು. ಚಿಕ್ಕವನಿದ್ದಾಗ ಅದರ ಮೇಲೆ ಬೆರಳಾಡಿಸಿದ್ದು ನೆನಪಿದೆ.

ದೊಡ್ಡಪ್ಪನ ಮಗ ನಮ್ಮಣ್ಣನಿಗೆ ಫೋನ್ ಮಾಡಿದೆ. "ಗಡಿಯಾರ ಐತೇನಣ್ಣಾ?" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಬಾ ನೀನು, ಬಂದು ನೋಡುವಂತಿ" ಅಂದ.

ರಾತ್ರಿ ಬಸ್ಸು ಹತ್ತಿದೆ. ಹರಪನಹಳ್ಳಿ ತನಕ ನಿದ್ದೆ ಬರಲಿಲ್ಲ. ಕೈಯಲ್ಲಿ ಮೊಬೈಲು, ತಲೆಯಲ್ಲಿ ವಾಚು. ಏಳೆಂಟು ವರ್ಷದಿಂದ ಈ ಹಳೇ ವಾಚುಗಳ ವಿಷಯ ಸಿಕ್ಕಿದ್ದೆಲ್ಲ ಓದುವ ಚಟ ನನಗೆ. ನಿಮಗೂ ಸ್ವಲ್ಪ ಹೇಳ್ತೀನಿ ಕೇಳಿ.

ಮೊದಮೊದಲ ವಾಚುಗಳು ಟೈಮ್ ಹೇಳುವುದರಲ್ಲಿ ಶುದ್ಧ ದಡ್ಡ. ಇದ್ದದ್ದು ಒಂದೇ ಮುಳ್ಳು, ಗಂಟೆಯದು. 1675ರಲ್ಲಿ ಹಾಲೆಂಡಿನ ಹೈಗೆನ್ಸ್ ಎಂಬ ವಿಜ್ಞಾನಿ ಒಳಗಿನ ತೂಗುಚಕ್ರಕ್ಕೆ ಕೂದಲೆಳೆಯಂಥ ಸುರುಳಿ ಸ್ಪ್ರಿಂಗು ಹಾಕಿ ತೋರಿಸುವ ತನಕ ಅದನ್ನು ನಂಬಿ ಬಸ್ಸು ಹಿಡಿಯುವ ಹಾಗಿರಲಿಲ್ಲ. (ಆಗ ಬಸ್ಸೂ ಇರಲಿಲ್ಲ ಬಿಡಿ.) ಟೈಮೇ ಸರಿಯಿಲ್ಲದ ಮೇಲೆ ದೊಡ್ಡ ಮನುಷ್ಯರು ಅದನ್ನು ಯಾಕೆ ಕೊಳ್ಳುತ್ತಿದ್ದರು? ಒಡವೆ ಅಂತ! ಹೂವಿನ ಮೊಗ್ಗಿನ ಆಕಾರ, ಶಿಲುಬೆಯ ಆಕಾರ, ತಲೆಬುರುಡೆಯ ಆಕಾರದಲ್ಲೆಲ್ಲ ಮಾಡಿ ಕುತ್ತಿಗೆಗೆ, ಸೊಂಟಕ್ಕೆ ತೂಗು ಹಾಕಿಕೊಳ್ಳುತ್ತಿದ್ದರು. 1666ರಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ದೊರೆ ಅರಮನೆಯಲ್ಲಿ ಉದ್ದನೆಯ ವೇಸ್ಟ್‌ಕೋಟಿನ ಫ್ಯಾಷನ್ ತಂದ. ಅಲ್ಲಿಂದಾಚೆ ವಾಚು ಕುತ್ತಿಗೆ ಬಿಟ್ಟು ಜೇಬಿಗಿಳಿಯಿತು. ಜೇಬಿಗೆ ಚುಚ್ಚಬಾರದಲ್ಲ, ದುಂಡಗಾಯಿತು, ಚಪ್ಪಟೆಯಾಯಿತು. ಶಿಂಗಾರ ಮಾತ್ರ ಬಿಡಲಿಲ್ಲ.

ಎಂಥೆಂಥ ಶಿಂಗಾರ ಅಂತೀರಿ! ಒಂದು ಎನಾಮಲ್. ಅಂದರೆ ಬಣ್ಣದ ಗಾಜಿನ ಪುಡಿಯನ್ನು ಚಿನ್ನ ಅಥವಾ ತಾಮ್ರದ ತಗಡಿನ ಮೇಲೆ ಹರವಿ, ಸುಮಾರು 800 ಡಿಗ್ರಿ ಶಾಖದ ಗೂಡಿನಲ್ಲಿ ಬೇಯಿಸುವುದು. ಒಂದು ಬಣ್ಣ ಹಾಕು, ಬೇಯಿಸು, ಇನ್ನೊಂದು ಹಾಕು, ಮತ್ತೆ ಬೇಯಿಸು. ಹತ್ತನೇ ಸಲಕ್ಕೆ ಬಿರುಕು ಬಿಟ್ಟರೆ ಒಂಬತ್ತು ಸಲದ ಕೆಲಸವೂ ನೀರುಪಾಲು. 1630ರ ಸುಮಾರಿನಲ್ಲಿ ಫ್ರಾನ್ಸಿನ ಝಾನ್ ತೂತ್ಯಾಂ ಎಂಬ ಅಕ್ಕಸಾಲಿ ಹೀಗೆ ಬೇಯುವ ಬಣ್ಣದಲ್ಲೇ ಕುಂಚ ಅದ್ದಿ ಚಿತ್ರ ಬರೆಯುವ ದಾರಿ ತೋರಿಸಿಕೊಟ್ಟ. ರೂಪಾಯಿಯಗಲದ ಮುಚ್ಚಳದ ಮೇಲೆ ದೇವತೆಗಳು, ರಥ, ಮೋಡ, ಹಿಂದುಗಡೆ ನದಿ! ಅದರಲ್ಲಿ ಪುಡಿ ಒರಟಾದರೆ ಮುಖವೇ ಕೆಡುತ್ತೆ. ನಮ್ಮ ಪೋಸ್ಟರ್ ಕಲಾವಿದರು ನಲವತ್ತಡಿ ಕಟೌಟಿನಲ್ಲಿ ಬರೆಯುತ್ತಿದ್ದ ಮುಖವನ್ನು ಅವರು ಹೆಸರುಕಾಳಿನಷ್ಟರಲ್ಲಿ ಬರೆದರು.

ಇನ್ನೊಂದು ಉಬ್ಬು ಕೆಲಸ. ಹದಿನೆಂಟನೇ ಶತಮಾನದ ಲಂಡನ್ ವಾಚುಗಳಿಗೆ ಎರಡು ಅಂಗಿ, ಒಳಗೊಂದು ಕೇಸು, ಹೊರಗೊಂದು. ಹೊರಗಿನದನ್ನು ಹಿಂದುಗಡೆಯಿಂದ ಬಡಿದು ಪುರಾಣದ ಕಥೆಯನ್ನೇ ಎಬ್ಬಿಸುತ್ತಿದ್ದರು. ಇದು ನಮಗೇನು ಹೊಸದಲ್ಲ. ಅರಗಿನ ಮೇಲೆ ತಗಡು ಕೂರಿಸಿ ದೇವರ ಪ್ರಭಾವಳಿ ಮಾಡುವ ನಮ್ಮ ಪತ್ತಾರರನ್ನು ನೋಡಿಲ್ಲವೇ? ಬೆಳ್ಳಿಯಲ್ಲಿ ಗೆರೆ ತೋಡಿ ಅದಕ್ಕೆ ಬೆಳ್ಳಿ, ತಾಮ್ರ, ಸೀಸ, ಗಂಧಕ ಸೇರಿಸಿದ ಕಪ್ಪು ಪಾಕ ಕರಗಿಸಿ ತುಂಬುವ 'ನೀಯೆಲ್ಲೊ' ಅಂತ ಒಂದಿದೆ. ನಮ್ಮ ಬೀದರಿನ ಬಿದರಿಗೆ ತದ್ವಿರುದ್ಧ. ಬಿದರಿಯಲ್ಲಿ ಕಪ್ಪಿನ ಮೇಲೆ ಬೆಳ್ಳಿ, ಇದರಲ್ಲಿ ಬೆಳ್ಳಿಯ ಮೇಲೆ ಕಪ್ಪು.

ನನಗೆ ಎಲ್ಲಕ್ಕಿಂತ ಹುಚ್ಚು ಹಿಡಿಸಿದ್ದು ಗಿಯೋಶೆ. ನೀರಿಗೆ ಕಲ್ಲು ಹಾಕಿದಾಗ ಏಳುವ ಅಲೆ ಹಾಗೇ ಬೆಳ್ಳಿಯಲ್ಲಿ ಹೆಪ್ಪುಗಟ್ಟಿದರೆ ಹೇಗಿರುತ್ತೆ, ಹಾಗೆ. ಇದನ್ನು ಕೊರೆಯುವುದು ಕೈಯಿಂದ ತಿರುಗಿಸುವ ಒಂದು ಚರಕಿ ಯಂತ್ರದಲ್ಲಿ. ಉಳಿ ನಿಂತಲ್ಲೇ ನಿಂತಿರುತ್ತೆ, ಕೆಲಸದ ತುಂಡೇ ತೂಗಾಡುತ್ತ ಸುತ್ತುತ್ತೆ. ಪ್ಯಾರಿಸ್ಸಿನ ಬ್ರೆಗೆ ಎಂಬ ಮಹಾನುಭಾವ 1786ರ ಹೊತ್ತಿಗೆ ಇದನ್ನು ಡಯಲಿಗೆ ತಂದ. ಬರೀ ಚೆಂದಕ್ಕಲ್ಲ, ಬೆಳಕು ಕಣ್ಣಿಗೆ ಹೊಡೆಯಬಾರದು, ಮುಳ್ಳು ಸ್ಪಷ್ಟ ಕಾಣಬೇಕು ಅಂತ.

ಬ್ರೆಗೆ ಅಂದ ಕೂಡಲೇ ಒಂದು ಸಿನಿಮಾ ಕಥೆ ನೆನಪಾಗುತ್ತೆ. ಕಥೆಗಾರರೇ, ಕಿವಿ ಇತ್ತ ಕೊಡಿ! 1783ರಲ್ಲಿ ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್‌ಗೆಂದು ಈತನ ಅಂಗಡಿಗೆ ಒಂದು ವಾಚಿನ ಆರ್ಡರ್ ಬಂತು. ಅದು ಮುಗಿದದ್ದು 1827ರಲ್ಲಿ. ಅಷ್ಟರಲ್ಲಿ ಕ್ರಾಂತಿಯಾಗಿ ರಾಣಿಯ ತಲೆ ಹೋಗಿತ್ತು, ಬ್ರೆಗೆಯೂ ತೀರಿಕೊಂಡಿದ್ದ. ಆ ವಾಚು ಕೈ ಬದಲಾಯಿಸುತ್ತ ಜೆರುಸಲೇಮಿನ ಮ್ಯೂಸಿಯಮ್ಮಿಗೆ ಸೇರಿ, 1983ರಲ್ಲಿ ಕಳುವಾಯಿತು. ಜೊತೆಗೆ ನೂರಕ್ಕೂ ಹೆಚ್ಚು ಗಡಿಯಾರ. ಪೊಲೀಸರಿಗೆ ಸುಳಿವಿಲ್ಲ. ಕಡೆಗೆ ಕದ್ದವನು ಸತ್ತ ಮೇಲೆ ಅವನ ಹೆಂಡತಿಯ ಕಡೆಯಿಂದ ವಾಪಸ್ ಬಂದದ್ದು ಸುದ್ದಿಯಾದದ್ದು 2007ರಲ್ಲಿ. ಇಂಟರ್ವಲ್ ಎಲ್ಲಿ ಕೊಡಬೇಕು ಅಂತ ನಾನು ಹೇಳಬೇಕಾಗಿಲ್ಲ. ಸೆರ್ಗಿಯೊ ಲಿಯೋನೆಯ 'ಫಾರ್ ಎ ಫ್ಯೂ ಡಾಲರ್ಸ್ ಮೋರ್' (1965) ನೋಡಿದವರಿಗೆ ಗೊತ್ತು, ಅಲ್ಲಿ ಒಂದು ಜೇಬು ಗಡಿಯಾರದ ಸಂಗೀತ ನಿಲ್ಲುವ ತನಕ ಗುಂಡು ಹಾರುವುದಿಲ್ಲ. ಮುಚ್ಚಳದೊಳಗೆ ಒಬ್ಬ ಹೆಣ್ಣುಮಗಳ ಚಿತ್ರ. ಇಡೀ ಸೇಡಿನ ಕಥೆ ಆ ಮುಚ್ಚಳದಲ್ಲೇ ಇದೆ.

ಹೀಗೆ ಯೋಚಿಸುತ್ತ ಊರು ಮುಟ್ಟಿದೆ.

ದೊಡ್ಡವ್ವ ಚಾ ಕೊಟ್ಟಳು. ಅಣ್ಣ ಒಳಗಿಂದ ಒಂದು ನಶ್ಯದ ಡಬ್ಬಿ ತಂದು ನನ್ನ ಮುಂದಿಟ್ಟ. ಮುಚ್ಚಳ ತೆಗೆದೆ. ಒಳಗೆ ಅರಳೆ, ಅರಳೆಯೊಳಗೆ ಬೋಳು ಮಿಷನ್ನು. ಬಿಳೀ ಡಯಲು ಇದೆ, ಮುಳ್ಳು ಇದೆ. ಕೇಸಿಲ್ಲ. ಬಳ್ಳಿಯಿಲ್ಲ, ಶ್ರೀಯಿಲ್ಲ.

ಎರಡು ವರ್ಷದ ಹಿಂದೆ ದೊಡ್ಡವ್ವನ ಕಣ್ಣಿನ ಆಪರೇಷನ್ ಆಯಿತು. ಆ ಸಲ ಬೆಳೆ ಕೈಕೊಟ್ಟಿತ್ತು. ಗಡಿಯಾರ ಪೇಟೆಗೆ ಹೋಯಿತು. ಅಲ್ಲೊಬ್ಬರು ಕೇಸು ಬಿಚ್ಚಿ ತಕ್ಕಡಿಗೆ ಹಾಕಿದರಂತೆ. ನಾಲ್ಕು ತೊಲಕ್ಕೆ ಸ್ವಲ್ಪ ಕಡಿಮೆ. ಒಳಗೆ 0.800 ಅಂತ ಮುದ್ರೆ, ಪಕ್ಕದಲ್ಲೊಂದು ಪುಟ್ಟ ಕಾಡುಕೋಳಿ. ಸಾವಿರಕ್ಕೆ ಎಂಟುನೂರು ಪಾಲು ಬೆಳ್ಳಿ ಅಂತ ಸ್ವಿಸ್ ಸರ್ಕಾರದ ಗುರುತು ಅದು. ಅದಕ್ಕೆ ತಕ್ಕ ಹಾಗೆ ಇನ್ನೂರು ಪಾಲು ಮುರಿದುಕೊಂಡರು. ಮಿಷನ್ನನ್ನು ಪಕ್ಕಕ್ಕಿಟ್ಟು, "ಇದಕ್ಕ ರೇಟಿಲ್ರಿ, ಮನಿಗೆ ತಗಂಡ್ ಹೋಗ್ರಿ" ಅಂದರಂತೆ.

"ನನಗೊಂದು ಮಾತು ಹೇಳಬಾರದಿತ್ತೇನಣ್ಣಾ?" ಅಂದೆ. ದನಿ ಸ್ವಲ್ಪ ಗಡುಸಾಗಿಯೇ ಬಂತು.

"ಮೂರು ಸಲ ಫೋನ್ ಮಾಡಿದ್ದೆ ತಮ್ಮಾ. ಶೂಟಿಂಗ್‌ನಾಗ ಅದೀನಿ, ಆಮ್ಯಾಲೆ ಮಾತಾಡ್ತೀನಿ ಅಂದಿ."

ಹೌದು, ಅಂದಿದ್ದೆ. ಅದು ನೆನಪಿಗೆ ಬಂತು. ಬಾಯಿ ಕಟ್ಟಿತು.

ದೊಡ್ಡವ್ವ ಮಾತ್ರ ನಗುತ್ತಲೇ ಇದ್ದಳು. "ಯಪ್ಪಾ, ಕಣ್ಣೇ ಕಾಣ್ತಿದ್ದಿಲ್ಲ. ಕಾಣದ ಕಣ್ಣಿಗೆ ಬೆಳ್ಳಿ ಗಡಿಯಾರ ತಗಂಡು ಏನ್ ಮಾಡ್ಲಿ? ಈಗ ನೋಡು, ನಿನ್ನ ತಲ್ಯಾಗಿನ ಬಿಳೀ ಕೂದಲಾ ಕಾಣಾಕತ್ಯಾವು."

ಇದಕ್ಕೆ ಏನು ಹೇಳುತ್ತೀರಿ? ನ್ಯಾಯವೇ. ಕಣ್ಣಿಗಿಂತ ಗಡಿಯಾರ ದೊಡ್ಡದಲ್ಲ. ಆದರೆ ನಾನು ಆ ಫೋನೆತ್ತಿ ಮಾತಾಡಿದ್ದರೆ ಕಣ್ಣೂ ಉಳಿಯುತ್ತಿತ್ತು, ಗಡಿಯಾರವೂ ಉಳಿಯುತ್ತಿತ್ತು ಎಂಬುದೂ ಅಷ್ಟೇ ನ್ಯಾಯ. ಇದು ನಮ್ಮ ಮನೆಯೊಂದರ ಕಥೆಯಲ್ಲ. ಲೋಕದಲ್ಲಿ ಬೆಳ್ಳಿ ಚಿನ್ನದ ರೇಟು ಏರಿದಾಗಲೆಲ್ಲ ಹೀಗೇ ಕೇಸುಗಳು ಮೂಸೆಗೆ ಬಿದ್ದಿವೆ, ಮಿಷನ್ನುಗಳು ಅನಾಥವಾಗಿವೆ. ತೂಕದ ಲೆಕ್ಕಕ್ಕೆ ಇನ್ನೊಂದು ಕೇಳಿ. ಗಾಂಧೀಜಿಯವರ ಝೆನಿತ್ ಕಿಸೆ ಗಡಿಯಾರವೂ ಬೆಳ್ಳಿಯದೇ, ಶಿಂಗಾರವಿಲ್ಲದ ಸಾದಾ ವಾಚು. 2009ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದು, ಕನ್ನಡಕ, ಚಪ್ಪಲಿ, ಬಟ್ಟಲು, ತಟ್ಟೆ ಎಲ್ಲ ಸೇರಿ 18 ಲಕ್ಷ ಡಾಲರಿಗೆ ಹೋಯಿತು. ಕೂಗಿದವರು ನಮ್ಮ ವಿಜಯ್ ಮಲ್ಯ. ಆ ತಕ್ಕಡಿ ಬೇರೆ.

ಡಬ್ಬಿ ಜೇಬಿಗೆ ಹಾಕಿಕೊಂಡು ಹಡಗಲಿಯ ಒಬ್ಬ ವಾಚ್ ರಿಪೇರಿಯವರ ಹತ್ತಿರ ಹೋದೆ. ಮುದುಕರು. ಗೂಡಂಗಡಿ. ಎಚ್.ಎಂ.ಟಿ. ವಾಚುಗಳ ಕಾಲದಲ್ಲಿ ಕೈತುಂಬ ಕೆಲಸವಿತ್ತಂತೆ, ಈಗ ಬರೀ ಸೆಲ್ ಹಾಕುವುದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮಿಷನ್ ತಿರುವಿ ನೋಡಿದವರು ಮಾತೇ ಆಡಲಿಲ್ಲ. ಆಮೇಲೆ ಗನ್ನಡಿ ತೆಗೆದು ನನ್ನ ಕೈಗೆ ಕೊಟ್ಟರು. "ನೋಡ್ರಿ" ಅಂದರು, ಅಷ್ಟೇ.

ನೋಡಿದೆ. ಓದುಗ ಬಾಂಧವರೇ, ನಲವತ್ತು ವರ್ಷದಿಂದ ಕ್ಲೋಸಪ್ಪು ನೋಡಿಕೊಂಡು ಬಂದವನು ನಾನು. ಇಂಥ ಕ್ಲೋಸಪ್ಪು ನೋಡಿರಲಿಲ್ಲ. ತಗಡುಗಳ ಮೇಲೆ ಉತ್ತ ಹೊಲದ ಸಾಲಿನ ಹಾಗೆ ಒಂದರ ಪಕ್ಕ ಒಂದು ಮಿರುಗುವ ಪಟ್ಟೆ. ಇದಕ್ಕೆ ಜಿನೀವಾ ಪಟ್ಟೆ ಅಂತಾರೆ. ಸ್ಕ್ರೂಗಳ ತಲೆ ಕಡುನೀಲಿ. ಬಣ್ಣ ಬಳಿದದ್ದಲ್ಲ, ಉಕ್ಕನ್ನು ಸುಮಾರು 300 ಡಿಗ್ರಿಗೆ ಕಾಯಿಸಿದಾಗ ತಾನಾಗಿ ಬರುವ ನೀಲಿ. ಒಂದು ಗಳಿಗೆ ಹೆಚ್ಚಾದರೆ ಬೂದಿಯಾಗುತ್ತೆ. ತೂಗುಚಕ್ರದ ಮೇಲಿನ ಸೇತುವೆಯಂಥ ತುಂಡಿನಲ್ಲಿ, ಗೋದಿಕಾಳಿಗಿಂತ ಸ್ವಲ್ಪ ದೊಡ್ಡ ಜಾಗದಲ್ಲಿ, ಒಂದು ಎಳೆ ಬಳ್ಳಿ, ಎರಡು ಹೂವು. ಯಾರೋ ಕೈಯಿಂದ ಕೆತ್ತಿದ್ದು. ಒಂದು ಹೂವಿನ ಎಸಳು ಇನ್ನೊಂದರ ಹಾಗಿಲ್ಲ. ಅದರ ಪಕ್ಕ A, R ಅಂತ ಎರಡು ಅಕ್ಷರ. ಅದು ವಾಚು ಮಾಡಿದ ದೊರೆಯ ಹೆಸರು ಅಂತ ನಮ್ಮ ಮನೆಯಲ್ಲಿ ಮೂರು ತಲೆಮಾರು ನಂಬಿತ್ತು! ಫ್ರೆಂಚಿನಲ್ಲಿ A ಅಂದರೆ ಮುಂದೆ, R ಅಂದರೆ ಹಿಂದೆ. ಮುಳ್ಳನ್ನು ಆ ಕಡೆ ಸರಿಸಿದರೆ ವಾಚು ಚುರುಕು, ಈ ಕಡೆ ಸರಿಸಿದರೆ ನಿಧಾನ. ಅಷ್ಟೇ. ದೊರೆಯೂ ಇಲ್ಲ, ಏನೂ ಇಲ್ಲ.

ಇದನ್ನು ಯಾರು ನೋಡಲಿ ಅಂತ ಕೆತ್ತಿದರು? ಅಜ್ಜ ಒಂದು ದಿನವೂ ಒಳಗಿನದನ್ನು ನೋಡಿರಲಾರರು. ಮೇಲೊಂದು ಮುಚ್ಚಳ, ಒಳಗೆ ಧೂಳು ಬೀಳದಂತೆ ಇನ್ನೊಂದು. ರಿಪೇರಿಯವನು ಬಿಟ್ಟರೆ ಇನ್ಯಾರಿಗೂ ಕಾಣದ ಜಾಗ ಅದು. ಹಳೇ ಇಂಗ್ಲಿಷ್ ವಾಚುಗಳಲ್ಲಂತೂ ಈ ತುಂಡನ್ನು ಜಾಲಂಧ್ರದ ಹಾಗೆ ಕೊರೆದು, ಬುಡದಲ್ಲಿ ಮುಖ ಕೂಡ ಕೆತ್ತುತ್ತಿದ್ದರು. ಆ ವಾಚುಗಳನ್ನು ಗುಜರಿಗೆ ಹಾಕುವ ಕಾಲ ಬಂದಾಗ ಈ ತುಂಡೊಂದನ್ನು ಮಾತ್ರ ಎಸೆಯಲು ಮನಸ್ಸು ಬಾರದೆ ಪೋಣಿಸಿ ನೆಕ್ಲೇಸು ಮಾಡಿಕೊಂಡರು. ಚೀನಾದ ಸಾಹುಕಾರರು ಮಾತ್ರ ಜಾಣರು. ಬೊವೆ ಮುಂತಾದ ಸ್ವಿಸ್ ಕಂಪನಿಗಳು ಅವರಿಗಾಗಿ ಮಿಷನ್ನಿನ ಮೈತುಂಬ ಹೂಬಳ್ಳಿ ಕೆತ್ತಿ, ಒಳಮುಚ್ಚಳಕ್ಕೆ ಗಾಜು ಹಾಕಿ, ಒಂದಲ್ಲ, ಜೋಡಿ ಜೋಡಿ ಮಾರಿದವು.

ವಾಪಸ್ ಬಂದವನು ಸಂಜೆ ಕಲ್ಲೇಶ್ವರನ ಗುಡಿಗೆ ಹೋದೆ. ಕ್ರಿ.ಶ. 1057ರಲ್ಲಿ ಚಾಲುಕ್ಯ ಸೋಮೇಶ್ವರನ ಮಂತ್ರಿ ದೇಮರಸ ಕಟ್ಟಿಸಿದ್ದು. ಚಿಕ್ಕವರಿದ್ದಾಗ ಅದರ ಕಂಬಗಳ ಮರೆಯಲ್ಲೇ ನಮ್ಮ ಕಣ್ಣಾಮುಚ್ಚಾಲೆ. ಆ ಕಂಬಗಳು ನುಣ್ಣಗೆ, ಬಳೆ ಬಳೆಯಾಗಿ ಇರುತ್ತವಲ್ಲ, ಅವನ್ನೂ ಚರಕಿಗೆ ಕೊಟ್ಟು ಕಡೆದದ್ದೇ! ಬಳಪದ ಕಲ್ಲು ಮೆತ್ತಗಿರುವಾಗಲೇ ತಿರುಗಿಸಿ ಉಳಿ ಹಿಡಿದಿದ್ದಾರೆ. ಬ್ರೆಗೆಯ ಚರಕಿಗಿಂತ ಏಳುನೂರು ವರ್ಷ ಹಿಂದೆ ನಮ್ಮೂರಲ್ಲೊಂದು ಚರಕಿ ತಿರುಗಿತ್ತು. ಬಾಗಿಲವಾಡದ ಹತ್ತಿರ ನಿಂತು ಮೊಬೈಲ್ ಟಾರ್ಚ್ ಹಾಕಿದೆ. ಪಟ್ಟಿಯ ಪಕ್ಕ ಪಟ್ಟಿ, ಬಳ್ಳಿಯ ಪಕ್ಕ ಬಳ್ಳಿ. ಕತ್ತಲಿರುವ ಮೂಲೆಯಲ್ಲೂ ಕೈ ಸಡಿಲ ಬಿಟ್ಟಿಲ್ಲ. 1896ರಲ್ಲಿ ಅಲೆಕ್ಸಾಂಡರ್ ರೀ ಎಂಬವರು ಬಳ್ಳಾರಿ ಸೀಮೆಯ ಚಾಲುಕ್ಯ ಗುಡಿಗಳ ಮೇಲೆ ದೊಡ್ಡ ಪುಸ್ತಕವನ್ನೇ ತಂದರು. ನಾವು ಬಾಗಿಲಿಗೆ ಒರಗಿ ಮಂಡಕ್ಕಿ ತಿಂದು ಬೆಳೆದೆವು.

ಲೋಹದ ಮಾತಿಗೂ ನಮ್ಮೂರು ಹಿಂದಿಲ್ಲ. ಪಲ್ಲವರ ಶಿವಸ್ಕಂದವರ್ಮನ ತಾಮ್ರಪಟ, ಪ್ರಾಕೃತ ಭಾಷೆಯದು, ಎಂಟು ಹಲಗೆ, ನಾಲ್ಕನೇ ಶತಮಾನದ್ದು. ವಿದ್ವಾಂಸರ ಲೋಕದಲ್ಲಿ ಅದಕ್ಕೆ ಹೆಸರೇ ಹಿರೇಹಡಗಲಿ ತಾಮ್ರಪಟ. ಬ್ಯೂಲರ್ ಎಂಬ ಜರ್ಮನ್ ಪಂಡಿತರು 'ಎಪಿಗ್ರಾಫಿಯಾ ಇಂಡಿಕಾ'ದ ಮೊದಲ ಸಂಪುಟದಲ್ಲಿ ಪ್ರಕಟಿಸಿದರು. ಸಾವಿರದೈನೂರು ವರ್ಷದಲ್ಲಿ ಯಾರಿಗೂ ಹಂಡೆ ಬೇಕಾಗಲಿಲ್ಲ ನೋಡಿ, ಉಳಿದುಕೊಂಡಿತು. ನಮ್ಮಜ್ಜನ ಶ್ರೀಗೆ ನೂರು ವರ್ಷವೂ ತುಂಬಲಿಲ್ಲ.

ಇನ್ನು ಆ ಮೂರು ಸೆಕೆಂಡಿನ ಶಾಟು. ಪ್ರಾಪರ್ಟಿ ಹುಡುಗನಿಗೆ ವಿಷಯ ಹೇಳಿದೆ. "ಬಿಡಿ ಸಾರ್, ಆನ್‌ಲೈನ್‌ನಲ್ಲಿ ತರಿಸ್ದೆ, ನಾನೂರೈವತ್ತು ರೂಪಾಯಿ" ಅಂದ. ಸೆಟ್ಟಿಗೆ ಹೋಗಿ ನೋಡಿದೆ. ಹಿತ್ತಾಳೆ ಬಣ್ಣ, ಅಚ್ಚು ಹೊಡೆದ ಬಳ್ಳಿ, ಒಳಗೆ ಸೆಲ್ಲು. ಸೆಕೆಂಡ್ ಮುಳ್ಳು ಟಕ್, ಟಕ್ ಅಂತ ಸೆಕೆಂಡಿಗೊಂದು ಹೆಜ್ಜೆ ಕುಪ್ಪಳಿಸುತ್ತಿದೆ. ಕಥೆ ನಡೆಯುವುದು 1920ರಲ್ಲಿ! ಆ ಕಾಲದ ವಾಚಿನ ಎದೆ ಸೆಕೆಂಡಿಗೆ ಐದು ಸಲ ಬಡಿಯುತ್ತಿತ್ತು, ಮುಳ್ಳು ಹರಿದಾಡಿದ ಹಾಗೆ ಕಾಣುತ್ತಿತ್ತು. ನಿರ್ದೇಶಕರಿಗೆ ಮೆಲ್ಲಗೆ ಹೇಳಿದೆ. "ಯಾರು ನೋಡ್ತಾರೆ ಸಾರ್?" ಅಂದರು.

ಅದಕ್ಕೇ ಚಿತ್ರದ ಹೆಸರು ಹೇಳಲಿಲ್ಲ. ಟಾಕೀಸಿನಲ್ಲಿ ನೀವೇ ಕಂಡುಹಿಡಿಯಿರಿ.

ರಿಪೇರಿಯವರಿಂದ ಮೊನ್ನೆ ಫೋನ್ ಬಂತು. ಕಿರೀಟದ ಕಡ್ಡಿ ಹಾಕಿ ಚಾವಿ ಕೊಟ್ಟು ನೋಡಿದರಂತೆ. ಹನ್ನೊಂದು ನಿಮಿಷ ಓಡಿ ನಿಂತಿತಂತೆ. "ಜೀವ ಐತ್ರಿ, ಎಣ್ಣಿ ಒಣಗೈತಿ ಅಷ್ಟೇ" ಅಂದರು. ಅವರ ಹತ್ತಿರ ಹಳೇ ನಿಕ್ಕಲ್ ಕೇಸೊಂದು ಇದೆ, ಅಳತೆ ಹೊಂದುತ್ತಂತೆ. ಹಿಂದಿನ ತಗಡು ತೆಗೆದು ಗಾಜು ಕೂಡಿಸಿ ಕೊಡುತ್ತಾರೆ. ಆ ಎರಡು ಹೂವು ಇನ್ನು ಮೇಲೆ ಯಾರಿಗೆ ಬೇಕಾದರೂ ಕಾಣುತ್ತವೆ. ಮೈಲಾರದ ಜಾತ್ರೆಯೊಳಗೆ ಮುಗಿಸಿ ಕೊಡಿ ಅಂತ ಒಪ್ಪಿಸಿದ್ದೇನೆ.

ಖುಷಿಯಿಂದ ದೊಡ್ಡವ್ವನಿಗೆ ಫೋನ್ ಮಾಡಿ ಹೇಳಿದೆ. ಎಲ್ಲ ಕೇಳಿಸಿಕೊಂಡು ಕೇಳಿದಳು:

"ಹಿಂದ ಗಾಜು ಹಾಕ್ಸಿದ್ರ, ಶ್ರೀ ಎಲ್ಲಿ ಬರಸ್ತಿಯೋ ಯಪ್ಪಾ?"

ಇನ್ನೂ ಉತ್ತರ ಹೇಳಿಲ್ಲ.